ಪರದೇಶಿಯ ವಿಳಾಸ

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡುವವರು ಪಂಪನಿಂದಲೋ ಕವಿರಾಜಮಾರ್ಗದಿಂದಲೋ ಆರಂಭಿಸುವುದು ವಾಡಿಕೆ. ನಾವು ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ.; ಬೆಳಗಿನಿಂದ ಸಂಜೆಯವರೆಗೆ ನೋಡುವುದು ಊರವರ ಜಮಾ ಖರ್ಚು. ಆದುದರಿಂದ ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ ಹಿಂಜರಿದೆವು. “ಸಾಹಿತ್ಯವನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ನೀವು ನಿಮಗೆ ತಿಳಿದದ್ದನ್ನು ಹೇಳಿ” ಎಂದರು ಅವರು. ನಮಗೆ ತಿಳಿದದ್ದು ಯಾವುದೆಂದು ಮೂರು ದಿನ ಯೋಚಿಸಿದೆವು. ಕೊನೆಗೆ ಹೊಳೆದದ್ದು ಒಂದೇ ಮಾತು: ವಿಳಾಸ.

ನಗಬೇಡಿ. ಬ್ಯಾಂಕಿನಲ್ಲಿ ಕುಳಿತವರಿಗೆ ವಿಳಾಸವೆಂಬುದು ಸಣ್ಣ ವಿಷಯವಲ್ಲ. ನಮ್ಮ ಮೇಜಿನ ಖಾನೆಯಲ್ಲಿ ಹಿಂದಿರುಗಿ ಬಂದ ಲಕೋಟೆಗಳ ಕಂತೆಯೊಂದು ಯಾವಾಗಲೂ ಇರುತ್ತದೆ. ಒಂದರಲ್ಲಿ ಯಾರದೋ ಕಾರ್ಡು, ಇನ್ನೊಂದರಲ್ಲಿ ಚೆಕ್ಕು ಪುಸ್ತಕ, ಮತ್ತೊಂದರಲ್ಲಿ ಸಾಲದ ನೋಟೀಸು. ಮೇಲೆ ಅಂಚೆಯವರು “ಮನೆ ಬಿಟ್ಟು ಹೋಗಿದ್ದಾರೆ” ಎಂದು ಬರೆದಿರುತ್ತಾರೆ. ಒಳಗಿರುವುದು ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಹೊರಗಿನ ನಾಲ್ಕು ಸಾಲು ತಪ್ಪಾದರೆ ಅದು ಬರಿಯ ಕಾಗದ. ಈ ಮಾತು ಊರಿನೊಳಗೆ ಇಷ್ಟು ನಿಜವಾದರೆ, ಹೊರದೇಶದಲ್ಲಿ ನೆಲೆಸಿದವರ ವಿಷಯದಲ್ಲಿ ಇನ್ನೆಷ್ಟು ನಿಜವಾಗಬೇಡ! ಅಲ್ಲಿ ವಿಳಾಸ ಕೇಳುವುದು ಬ್ಯಾಂಕು ಮಾತ್ರವಲ್ಲ, ಆ ದೇಶದ ಸರ್ಕಾರ. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮನೆಗಳ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇರುವರಷ್ಟೆ. ಆದ್ದರಿಂದ ವಿದೇಶದಲ್ಲಿ ಇರುವವರು ವಲಸೆಯ ಕಚೇರಿಗೆ ತಮ್ಮ ಮನೆಯ ವಿಳಾಸ ತಿಳಿಸಬೇಕಾದ ಈ ಕರ್ತವ್ಯದ ವಿಷಯವಾಗಿ ನಾಲ್ಕು ಮಾತು ಹೇಳುತ್ತೇವೆ.

ಈ ಕೊಚ್ಚಿ ನಗರದಲ್ಲಿಯೇ ಮೊದಲು ಒಂದು ಹೆಸರನ್ನು ನೋಡೋಣ. ಮಟ್ಟಾಂಚೇರಿಯ ಯೆಹೂದ್ಯರ ಬೀದಿಯ ಕೊನೆಯಲ್ಲಿ, ೧೫೬೮ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರವಿದೆ. ಅದನ್ನು ನೀವೆಲ್ಲ ನೋಡಿದ್ದೀರಿ. ಅದರ ಹೆಸರು ಪರದೇಶಿ ಸಿನಗಾಗ್. ಹೊರದೇಶಗಳಿಂದ ಬಂದು ನೆಲೆಸಿದ ಯೆಹೂದ್ಯರಿಗೆ ಇಲ್ಲಿಯ ಜನ ಪರದೇಶಿಗಳೆಂದರು. ಅವರು ಆ ಹೆಸರನ್ನು ಸಂಕೋಚವಿಲ್ಲದೆ ತಮ್ಮ ದೇವಾಲಯಕ್ಕೇ ಇಟ್ಟುಕೊಂಡರು. ಊರಿನ ಮೊದಲ ವರ್ಷದಲ್ಲಿ ಅತ್ತೆಯವರನ್ನು ಆ ಮಂದಿರ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅವರು ಫಲಕವನ್ನು ಓದಿಸಿಕೊಂಡು, “ಅಯ್ಯೋ ಪಾಪ, ದೇವರ ಮನೆಗೆ ಯಾರಾದರೂ ಪರದೇಶಿ ಎಂದು ಹೆಸರಿಡುತ್ತಾರೆಯೆ?” ಎಂದು ಮರುಗಿದರು. ಅವರು ಮರುಗಿದ್ದು ಸಹಜವೇ. ನಮ್ಮ ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಮಾತ್ರವಲ್ಲ, ಹಿಂದುಮುಂದಿಲ್ಲದವನು, ಕೇಳುವವರಿಲ್ಲದವನು. ಮಲಯಾಳದ ಮಾತು ಎಲ್ಲಿಂದ ಬಂದವನೆಂದು ಹೇಳುತ್ತದೆ. ನಮ್ಮ ಮಾತು ಯಾರೂ ಇಲ್ಲದವನೆಂದು ಹೇಳುತ್ತದೆ. ಈ ಎರಡು ಅರ್ಥಗಳ ನಡುವೆ ಇರುವ ಅಂತರವೇ ನಮ್ಮ ಇಂದಿನ ವಿಷಯ. ಹೊರದೇಶದವನಾಗಿರುವುದು ದೋಷವಲ್ಲ. ಎಲ್ಲಿದ್ದಾನೆಂದು ಯಾರಿಗೂ ತಿಳಿಯದವನಾಗಿರುವುದು ಅಪಾಯ.

ಇಲ್ಲಿರುವ ನಮ್ಮ ವಿಷಯವೇನು? ನಾವೂ ತಾಯಿನಾಡಿನಿಂದ ಹೊರಗೆ ಇರುವವರೇ. ಆದರೆ ಕೊಚ್ಚಿಯಲ್ಲಿ ಬಂದಿಳಿದ ದಿನ ನಾವು ಯಾವ ವಿದೇಶೀಯರ ಕಚೇರಿಯ ಮುಂದೆಯೂ ಸಾಲುಗಟ್ಟಿ ನಿಲ್ಲಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೯ನೆಯ ವಿಧಿಯು ಭಾರತದ ಪ್ರಜೆಗೆ ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಕೊಟ್ಟಿದೆ. ಉಸಿರಾಡುವ ಗಾಳಿಯಂತೆ ಇದನ್ನು ನಾವು ಮರೆತೇಬಿಟ್ಟಿದ್ದೇವೆ. ಹಿಂದೆ ತಿರುವಾಂಕೂರು ಒಂದು ಸಂಸ್ಥಾನ, ಕೊಚ್ಚಿ ಇನ್ನೊಂದು ಸಂಸ್ಥಾನ. ತಿರುವಾಂಕೂರಿಗೆ ಅದರದೇ ಚಕ್ರವೆಂಬ ನಾಣ್ಯ. ಎರಡಕ್ಕೂ ಅಂಚಲ್ ಎಂಬ ತಮ್ಮದೇ ಅಂಚೆ. ೧೯೪೯ರಲ್ಲಿ ಎರಡೂ ಸೇರಿ ಒಂದಾದವು. ೧೯೫೧ರಲ್ಲಿ ಅಂಚಲ್ ಭಾರತದ ಅಂಚೆಯಲ್ಲಿ ಬೆರೆಯಿತು. ೧೯೫೬ರ ನವೆಂಬರ್ ೧ರಂದು ಅಲ್ಲಿ ಮೈಸೂರು ರಾಜ್ಯವೂ ಇಲ್ಲಿ ಕೇರಳವೂ ಒಂದೇ ದಿನ ಹುಟ್ಟಿದವು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡಿನವರಿಗಂತೂ ಮನೆ ಬದಲಾಗದೆಯೇ ವಿಳಾಸದ ಕೊನೆಯ ಸಾಲು ಬದಲಾಯಿತು. ಆ ನೋವು ಬೇರೆ. ಅದನ್ನು ಬಲ್ಲವರು ಈ ಸಭೆಯಲ್ಲಿ ಇದ್ದಾರೆ. ಆದರೂ ರಾಜ್ಯ ಬದಲಾದುದರಿಂದ ಅವರಾರೂ ವಿದೇಶೀಯರಾಗಲಿಲ್ಲ. ಈ ಭಾಗ್ಯ ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಇಲ್ಲ. ನಮ್ಮ ಮನೆಗೆ ಬರುವ ಹೊರದೇಶದ ಅತಿಥಿಗೂ ಇಲ್ಲ.

ಅತಿಥಿಯ ಮಾತು ಬಂದುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ. ಕೊಚ್ಚಿಗೆ ವರ್ಗವಾಗಿ ಬರುವ ಮೊದಲು ನಾವು ಮೂರು ವರ್ಷ ತಿರುವನಂತಪುರದಲ್ಲಿ ಇದ್ದೆವು. ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯ ಕೆಳಗಿನ ಭಾಗ ನಮ್ಮ ಬಾಡಿಗೆಯ ಬಿಡಾರ. ಮೇಲಿನ ಭಾಗವನ್ನು ಅವರು ಚಿಕಿತ್ಸೆಗಾಗಿ ಬರುವ ಮಾಲ್ದೀವ್ಸಿನ ಕುಟುಂಬಗಳಿಗೆ ಕೊಡುತ್ತಿದ್ದರು. ತಿರುವನಂತಪುರದ ಆಸ್ಪತ್ರೆಗಳಿಗೆ ಆ ದ್ವೀಪಗಳಿಂದ ಜನ ಬರುವುದು ಬಹುಕಾಲದ ರೂಢಿ. ಒಮ್ಮೆ ನಮ್ಮ ಮನೆಯಾಕೆಯ ಚಿಕ್ಕಪ್ಪನ ಮಗಳು ಗಂಡನೊಡನೆ ನಮ್ಮಲ್ಲಿಗೆ ಬಂದಳು. ಗಂಡ ಜರ್ಮನಿಯವನು. ನಮ್ಮವರಿಗೆ ಹೋಳಿಗೆಯ ಸಂಭ್ರಮ. ನಮಗೆ ಪದ್ಮನಾಭಸ್ವಾಮಿಯ ದರ್ಶನಕ್ಕೆ ಅವನಿಗೆ ಪಂಚೆ ಉಡಿಸುವ ಸಂಭ್ರಮ. ಸಂಜೆ ಹೆಡ್‌ಮಾಸ್ತರರು ಮೆಟ್ಟಿಲಿಳಿದು ಬಂದು, ಅತಿಥಿಗೆ ನಮಸ್ಕಾರ ಮಾಡಿ, ನಮ್ಮನ್ನು ಬದಿಗೆ ಕರೆದು ಮಲಯಾಳದಲ್ಲಿ ಕೇಳಿದರು: “ಫಾರಂ ಸಿ ಕಳುಹಿಸಿದಿರಾ?”

ನಾವು ಅವರ ಮುಖ ನೋಡಿದೆವು. “ಅದು ಹೋಟೆಲಿನವರಿಗಲ್ಲವೆ ಸಾರ್? ಇವರು ನಮ್ಮ ನೆಂಟರು” ಎಂದೆವು. “ನೆಂಟರಾದರೇನು, ನಿಮ್ಮ ಮನೆಯಲ್ಲಿ ಮಲಗುತ್ತಾರಲ್ಲ” ಎಂದು ಅವರು ನಕ್ಕರು. ಆ ರಾತ್ರಿ ಅವರು ತಮ್ಮ ಕಂಪ್ಯೂಟರಿನ ಮುಂದೆ ನಮ್ಮನ್ನು ಕೂರಿಸಿಕೊಂಡು, ಪಾಸ್‌ಪೋರ್ಟಿನ ಸಂಖ್ಯೆ, ವೀಸಾದ ಸಂಖ್ಯೆ, ಬಂದ ದಿನ, ಹೋಗುವ ದಿನ, ಮನೆಯ ವಿಳಾಸ ಎಲ್ಲವನ್ನೂ ತುಂಬಿಸಿದರು. ಮಾಲ್ದೀವ್ಸಿನವರಿಗಾಗಿ ಮನೆಯ ಹೆಸರನ್ನು ಅವರು ಮೊದಲೇ ನೋಂದಾಯಿಸಿದ್ದುದರಿಂದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನಾವು ಸಂಕೋಚದಿಂದ ಅತಿಥಿಯ ಕ್ಷಮೆ ಕೇಳಿದೆವು. ಮನೆಗೆ ಕರೆದು ಪೊಲೀಸರಿಗೆ ಹೆಸರು ಕೊಟ್ಟಂತಾಯಿತಲ್ಲ ಎಂಬ ನಾಚಿಕೆ. ಹುಡುಗಿ ಗಂಡನಿಗೆ ನಮ್ಮ ಮಾತನ್ನು ತಿಳಿಸಿ, ಅವನ ಉತ್ತರವನ್ನು ನಮಗೆ ಹೇಳಿದಳು: “ಭಾವ, ಅವರ ಊರಿನಲ್ಲಿ ಮನೆ ಬದಲಾಯಿಸಿದರೆ ಎರಡು ವಾರದೊಳಗೆ ಅವರೂ ಹೋಗಿ ಬರೆಸಬೇಕಂತೆ. ತಮ್ಮ ದೇಶದಲ್ಲಿ ತಮಗೇ ಇರುವ ನಿಯಮಕ್ಕೆ ಇಲ್ಲಿ ಬೇಸರಪಡುವುದೇಕೆ ಎನ್ನುತ್ತಾರೆ.” ನಮ್ಮ ನಾಚಿಕೆ ಅಲ್ಲಿಗೆ ಇಳಿಯಿತು.

ಈ ನಿಯಮ ಹೊಸದಲ್ಲ. ವಿದೇಶೀಯರ ನೋಂದಣಿಯ ಕಾಯಿದೆ ೧೯೩೯ರದು. ವಿದೇಶೀಯರ ಕಾಯಿದೆ ೧೯೪೬ರದು. ಈ ಹಳೆಯ ಕಾಯಿದೆಗಳ ಸ್ಥಾನದಲ್ಲಿ ವಲಸೆ ಮತ್ತು ವಿದೇಶೀಯರ ಕಾಯಿದೆ, ೨೦೨೫ ಎಂಬ ಒಂದೇ ಕಾಯಿದೆಯು ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿದೆ. ಕಾಯಿದೆಯ ಹೆಸರು ಬದಲಾಯಿತು, ತಿರುಳು ಉಳಿಯಿತು: ಹೊರದೇಶದವರಿಗೆ ತಂಗಲು ಜಾಗ ಕೊಟ್ಟವರು ೨೪ ಗಂಟೆಯೊಳಗೆ ತಿಳಿಸಬೇಕು. ಹೋಟೆಲು, ಛತ್ರ, ಆಸ್ಪತ್ರೆ, ಕಾಲೇಜಿನ ಹಾಸ್ಟೆಲು, ಖಾಸಗಿ ಮನೆ, ಯಾವುದಕ್ಕೂ ವಿನಾಯಿತಿಯಿಲ್ಲ. ಫೋರ್ಟ್ ಕೊಚ್ಚಿಯಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಗೃಹಿಣಿಯರಿಗೆ ಇದು ಬೆಳಗಿನ ಕಾಫಿಯಷ್ಟು ಪರಿಚಿತ. ತಿಳಿಯದವರು ನಮ್ಮಂಥ ಸಂಬಳದವರೇ. ಇನ್ನು ೧೮೦ ದಿನಗಳಿಗಿಂತ ಹೆಚ್ಚಿನ ಅವಧಿಗೆ ಓದಲೋ ದುಡಿಯಲೋ ಬಂದ ವಿದೇಶೀಯರು ಸಾಮಾನ್ಯವಾಗಿ ಬಂದ ೧೪ ದಿನಗಳೊಳಗೆ ತಾವೇ ನೋಂದಾಯಿಸಿಕೊಳ್ಳಬೇಕು. ಆಮೇಲೆ ಮನೆ ಬದಲಾಯಿಸಿದರೆ ಅದನ್ನೂ ತಿಳಿಸಬೇಕು. ಇದಕ್ಕಾಗಿ ಕೇರಳದಲ್ಲಿ ಕೊಚ್ಚಿ, ತಿರುವನಂತಪುರ, ಕೋಳಿಕ್ಕೋಡುಗಳಲ್ಲಿ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿಗಳಿವೆ. ೨೦೧೮ರಿಂದ ಬಹುಪಾಲು ಕೆಲಸ ಕಂಪ್ಯೂಟರಿನ ಮೂಲಕವೇ ನಡೆಯುತ್ತದೆ.

ನಮ್ಮವರಲ್ಲಿಯೇ ಹಲವರು ಅಮೆರಿಕದ ಪ್ರಜೆಗಳಾಗಿ, ಸಾಗರೋತ್ತರ ಭಾರತೀಯ ಪ್ರಜೆಯೆಂಬ ಓ.ಸಿ.ಐ. ಕಾರ್ಡು ಪಡೆದು, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳಲು ಹಿಂದಿರುಗುತ್ತಿದ್ದಾರೆ. ಅವರು ಎಷ್ಟು ದಿನ ಇದ್ದರೂ ನೋಂದಾಯಿಸಬೇಕಾಗಿಲ್ಲವೆಂಬ ಸೌಲಭ್ಯ ದೊರೆತಿದೆ, ನಿಜ. ಆದರೆ ೨೦೨೧ರ ಮಾರ್ಚಿಯಲ್ಲಿ ಹೊರಟ ಸರ್ಕಾರದ ಪ್ರಕಟಣೆಯು ಅವರ ಕಾಯಂ ವಿಳಾಸವೋ ಉದ್ಯೋಗವೋ ಬದಲಾದರೆ ನೋಂದಣಿ ಕಚೇರಿಗೆ ತಿಳಿಸಬೇಕೆಂದು ಹೇಳಿತು. ಹುಟ್ಟಿದ ಊರಿಗೇ ಬಂದರೂ ವಿಳಾಸ ತಿಳಿಸುವ ಋಣ ತೀರುವುದಿಲ್ಲವೆಂದಾಯಿತು.

ಈಗ ನಮ್ಮ ಮಕ್ಕಳು ಅತಿಥಿಗಳಾಗಿರುವ ಕಡೆಗೆ ಬರೋಣ. ಇಲ್ಲಿ ನಮ್ಮ ಮನೆಯ ಸಂಗತಿಯನ್ನೇ ಹೇಳಬೇಕಾಗಿದೆ.

ನಮ್ಮ ಅಕ್ಕ ಭಾವ ಸಾಗರದ ಕಡೆಯವರು; ಎರಡು ಎಕರೆ ಅಡಿಕೆ ತೋಟ. ಅದರ ಮೇಲೆ ಸಾಲ ತೆಗೆದು ಮಗನನ್ನು ಅಮೆರಿಕದಲ್ಲಿ ಓದಿಸಿದರು. ಓದು ಮುಗಿಯಿತು, ಕೆಲಸವೂ ದೊರೆಯಿತು. ಆ ದೇಶದಲ್ಲಿ ವಿದ್ಯಾರ್ಥಿಯು ಓದಿನ ನಂತರ ಕೆಲಸ ಮಾಡಬೇಕಾದರೆ ವಲಸೆಯ ಇಲಾಖೆಯು ಕೊಡುವ ಅನುಮತಿಯ ಕಾರ್ಡು ಕೈಯಲ್ಲಿರಬೇಕು. ಹುಡುಗ ಅರ್ಜಿ ಹಾಕಿದ. ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗ, ಬಾಡಿಗೆ ಕಡಿಮೆಯೆಂದು ಬೇರೆ ಬಿಡಾರಕ್ಕೆ ಹೋದ. ಅಂಚೆಯವರಿಗೆ ಹೊಸ ವಿಳಾಸ ಕೊಟ್ಟ, ಕಾಲೇಜಿಗೂ ತಿಳಿಸಿದ. ಎಲ್ಲ ಮುಗಿಯಿತೆಂದು ನಿಶ್ಚಿಂತನಾದ. ವಲಸೆಯ ಇಲಾಖೆಯಲ್ಲಿ ಬಾಕಿಯಿದ್ದ ಅರ್ಜಿಗೆ ಬೇರೆಯಾಗಿ ತಿಳಿಸಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಕಾರ್ಡು ಹಳೆಯ ಮನೆಗೆ ಹೋಯಿತು. ಅಲ್ಲಿ ಯಾರೋ ಹೊಸಬರು.

ಕೆಲಸಕ್ಕೆ ಸೇರಬೇಕಾದ ದಿನ ಬಂದಿತು, ಕಾರ್ಡು ಬರಲಿಲ್ಲ. ಆ ಅನುಮತಿಯಲ್ಲಿ ಇನ್ನೊಂದು ಷರತ್ತು ಉಂಟು: ಕೆಲಸವಿಲ್ಲದೆ ಕಳೆದ ದಿನಗಳು ಒಟ್ಟು ೯೦ನ್ನು ಮೀರಕೂಡದು, ಮೀರಿದರೆ ಅಲ್ಲಿ ಇರುವ ಅಧಿಕಾರವೇ ಹೋಗುತ್ತದೆ. ಹುಡುಗ ದಿನ ಎಣಿಸತೊಡಗಿದ. ಸಾಗರದಲ್ಲಿ ಅಕ್ಕ ಎಣಿಸತೊಡಗಿದಳು. ಒಂದು ರಾತ್ರಿ ಹನ್ನೊಂದು ಗಂಟೆಗೆ ಅವಳು ಫೋನು ಮಾಡಿ, “ತಮ್ಮಾ, ಊರವರ ವಿಳಾಸವನ್ನೆಲ್ಲ ಸರಿಮಾಡುವವನು ನೀನು. ನಿನ್ನ ಅಳಿಯನದು ಯಾರು ಸರಿಮಾಡುತ್ತಾರೋ?” ಎಂದಳು. ಕೋಪದಲ್ಲಿ ಹೇಳಿದ ಮಾತಲ್ಲ. ಅದಕ್ಕೇ ಹೆಚ್ಚು ನೋವಾಯಿತು. ನಾವು ನಮ್ಮ ಪುಸ್ತಕ ತೆಗೆದು ನೋಡಿದೆವು. ಅದರಲ್ಲಿಯೂ ಇದ್ದುದು ಅವನ ಎರಡು ವರ್ಷದ ಹಿಂದಿನ ವಿಳಾಸ! ದಿನಕ್ಕೆ ಹತ್ತು ಮಂದಿ ಗ್ರಾಹಕರಿಗೆ “ವಿಳಾಸ ಬದಲಾದರೆ ತಿಳಿಸಬಾರದೆ?” ಎಂದು ಗದರುವ ನಾವು, ಅಕ್ಕನ ಮಗ ಎಲ್ಲಿ ಮಲಗುತ್ತಾನೆಂದು ಕೇಳಿರಲಿಲ್ಲ.

ಕೊನೆಗೆ ಕಾಲೇಜಿನವರ ಸಲಹೆಯಂತೆ ಅವನು ವಿಳಾಸ ತಿದ್ದಿಸಿ, ವಿಚಾರಣೆಯ ಅರ್ಜಿ ಕೊಟ್ಟ. ಇಲಾಖೆಗೆ ಹಿಂದಿರುಗಿದ್ದ ಕಾರ್ಡು ಮತ್ತೆ ಹೊರಟು ಅವನ ಕೈ ಸೇರುವಾಗ ೬೧ ದಿನ ಕಳೆದಿದ್ದವು. ಕೆಲಸ ಕೊಟ್ಟವರು ಕಾದರು; ಅದು ಅವರ ದೊಡ್ಡತನ. ಕಾಯದಿದ್ದರೆ ಎರಡು ಎಕರೆ ತೋಟದ ಗತಿಯೇನಾಗುತ್ತಿತ್ತೆಂದು ಯೋಚಿಸಲು ಇಂದಿಗೂ ನಮಗೆ ಧೈರ್ಯವಿಲ್ಲ.

ಆಮೇಲೆ ನಾವು ಈ ವಿಷಯವನ್ನು ಪಟ್ಟಾಗಿ ಕುಳಿತು ಓದಿದೆವು. ಅಮೆರಿಕದಲ್ಲಿ ಪ್ರಜೆಯಲ್ಲದವನು ಮನೆ ಬದಲಾಯಿಸಿದರೆ ೧೦ ದಿನಗಳೊಳಗೆ ವಲಸೆಯ ಇಲಾಖೆಗೆ ತಿಳಿಸಬೇಕು. ಆ ಅರ್ಜಿಗೆ ಎ.ಆರ್.–೧೧ ಎಂದು ಹೆಸರು. ಶುಲ್ಕವಿಲ್ಲ. ರಾಯಭಾರಿಗಳ ವರ್ಗದಂಥ ಕೆಲವರನ್ನು ಬಿಟ್ಟರೆ ಹಸಿರು ಕಾರ್ಡಿನವರಿಗೂ ಇದು ತಪ್ಪಿದ್ದಲ್ಲ. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರದೂ ಬೇರೆ ಬೇರೆ. ಮಗಳ ಬಾಣಂತನಕ್ಕೆಂದು ಹೋದ ತಾಯಿಯೂ, ಅವಳಿರುವಾಗಲೇ ಮಗಳು ಮನೆ ಬದಲಾಯಿಸಿದರೆ, ತನ್ನದನ್ನು ತಿಳಿಸಬೇಕಾದವಳೇ. ತಂದೆತಾಯಿಯರನ್ನು ತನ್ನ ಜವಾಬ್ದಾರಿಯ ಮೇಲೆ ಕಾಯಂ ಆಗಿ ಕರೆಸಿಕೊಂಡ ಮಗ, ತಾನು ಪ್ರಜೆಯಾಗಿದ್ದರೂ, ಮನೆ ಬದಲಾದ ೩೦ ದಿನಗಳೊಳಗೆ ಇನ್ನೊಂದು ಅರ್ಜಿಯ ಮೂಲಕ ತಿಳಿಸಬೇಕು. ಕೊಟ್ಟ ಜಾಮೀನಿಗೆ ವಿಳಾಸ ಬೇಕಲ್ಲ! ತಪ್ಪಿದವರಿಗೆ ದಂಡವುಂಟು, ಸೆರೆಯುಂಟು. ಬೇಕೆಂದೇ ತಪ್ಪಿದವರನ್ನು ದೇಶದಿಂದ ಹೊರಹಾಕಲೂ ಕಾನೂನಿನಲ್ಲಿ ಅವಕಾಶವುಂಟು. ನಮ್ಮ ಹುಡುಗ ಮಾಡಿದ ತಪ್ಪನ್ನು ಎಲ್ಲರೂ ಮಾಡುತ್ತಾರೆ: ಅಂಚೆಗೆ ತಿಳಿಸಿದರೆ ಸರ್ಕಾರಕ್ಕೆ ತಿಳಿದಂತೆ ಎಂದುಕೊಳ್ಳುತ್ತಾರೆ. ವಲಸೆಯ ಇಲಾಖೆಯ ಕಾಗದಗಳನ್ನು ಅಂಚೆಯವರು ಹೊಸ ಮನೆಗೆ ತಿರುಗಿಸಿ ಕಳುಹಿಸುವರೆಂದು ನಂಬುವಂತಿಲ್ಲ.

ಆ ದೇಶದಲ್ಲಿ ಈ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದ್ದು. ೧೯೪೦ರ ಕಾಯಿದೆಯ ಪ್ರಕಾರ ವಿದೇಶೀಯರು ಅಂಚೆ ಕಚೇರಿಗಳಿಗೆ ಹೋಗಿ ಹೆಸರು ಬರೆಸಿ, ಬೆರಳೊತ್ತಬೇಕಾಯಿತು. ಮುಂದೆ ಬಹಳ ವರ್ಷ, ೧೯೮೧ರವರೆಗೆ, ಪ್ರತಿ ಜನವರಿಯಲ್ಲಿಯೂ ಮನೆ ಬದಲಾಗದವರೂ ವಿಳಾಸದ ಚೀಟಿ ಕೊಡಬೇಕಾಗಿತ್ತು. ಅರುವತ್ತರ ದಶಕದಲ್ಲಿ ಹೋದ ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ಸಂಕ್ರಾಂತಿಯ ಎಳ್ಳಿನ ಜೊತೆಗೆ ಈ ಚೀಟಿಯನ್ನೂ ನೆನೆದಿರಬೇಕು. ಇಲಾಖೆಗಳೂ ತಪ್ಪದೆ ಇರುವುದಿಲ್ಲ. ವಲಸೆಯ ಇಲಾಖೆಗೆ ಬಂದ ಲಕ್ಷಗಟ್ಟಲೆ ಕಾಗದಗಳು, ವಿಳಾಸದ ಚೀಟಿಗಳೂ ಸೇರಿ, ಕಾನ್ಸಾಸ್ ನಗರದ ಬಳಿ ನೆಲದಡಿಯ ಉಗ್ರಾಣವೊಂದರಲ್ಲಿ ಪೆಟ್ಟಿಗೆಗಳಲ್ಲಿಯೇ ಬಿದ್ದಿದ್ದುದು ೨೦೦೨ರಲ್ಲಿ ಬೆಳಕಿಗೆ ಬಂದಿತು. ತಿಳಿಸಿದರೆ ಸಾಲದು, ತಿಳಿಸಿದ್ದಕ್ಕೆ ರಸೀತಿ ಬೇಕೆಂಬ ಬ್ಯಾಂಕಿನ ಬುದ್ಧಿ ಇಲ್ಲಿಯೂ ಸಲ್ಲುತ್ತದೆ.

ಬೇರೆ ದೇಶಗಳಲ್ಲಿಯೂ ಬೇರೆ ಬೇರೆ ರೂಪದಲ್ಲಿ ಇದೇ ಕ್ರಮ. ಜಪಾನಿನಲ್ಲಿ ೧೪ ದಿನಗಳೊಳಗೆ ಊರಿನ ಪುರಸಭೆಯ ಕಚೇರಿಗೆ ಹೋಗಿ ಹೊಸ ವಿಳಾಸ ಬರೆಸಬೇಕು. ಅಲ್ಲಿ ವಿದೇಶೀಯರ ಪಟ್ಟಿ ಹಿಂದೆ ಬೇರೆಯಾಗಿತ್ತು. ೨೦೧೨ರ ಜುಲೈಯಿಂದ ದೇಶದವರ ನಿವಾಸಿಗಳ ಪಟ್ಟಿಯಲ್ಲಿಯೇ ಅವರನ್ನೂ ಸೇರಿಸಿಕೊಂಡಿದ್ದಾರೆ. ಜರ್ಮನಿಯ ಮಾತನ್ನು ನಮ್ಮ ಅತಿಥಿಯೇ ಹೇಳಿದ್ದಾನೆ. ಬ್ರಿಟನ್ನಿನಲ್ಲಿ ಕೆಲವು ದೇಶದವರು ಪೊಲೀಸರಲ್ಲಿ ಹೆಸರು ಬರೆಸಬೇಕೆಂದಿದ್ದ ಪದ್ಧತಿಯನ್ನು ೨೦೨೨ರಲ್ಲಿ ತೆಗೆದುಹಾಕಿದರು. ಹೀಗೆ ಕೆಲವೆಡೆ ಹೊರಗಿನವನನ್ನು ಬೇರೆಯಾಗಿ ಎಣಿಸುತ್ತಾರೆ, ಕೆಲವೆಡೆ ಒಳಗಿನವನೊಡನೆ ಸೇರಿಸಿ ಎಣಿಸುತ್ತಾರೆ.

“ಇದೆಲ್ಲ ಸಂಶಯದ ಲೆಕ್ಕವಲ್ಲವೆ?” ಎಂದು ನಮ್ಮ ತರುಣ ಮಿತ್ರರೊಬ್ಬರು ಕೇಳಿದರು. ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ೧೯೩೯, ೧೯೪೦ ಎಂಬ ವರ್ಷಗಳೇ ಹೇಳುತ್ತವೆ, ಈ ಕಾಯಿದೆಗಳು ಯುದ್ಧದ ಭಯದಲ್ಲಿ ಹುಟ್ಟಿದವೆಂದು. ದೂರದ ಮಾತೇಕೆ? ೧೯೬೨ರಲ್ಲಿ ಚೀನದೊಡನೆ ಯುದ್ಧವಾದಾಗ, ತಲೆತಲಾಂತರದಿಂದ ನಮ್ಮಲ್ಲಿಯೇ ಇದ್ದ ಚೀನೀ ಮೂಲದ ಸಾವಿರಾರು ಜನರನ್ನು ಮನೆಗಳಿಂದ ಎಬ್ಬಿಸಿ ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಇಟ್ಟಿದ್ದುಂಟು. ಅವರಲ್ಲಿ ಮಕ್ಕಳೂ ಮುದುಕರೂ ಇದ್ದರು. ಪಟ್ಟಿಯೆಂಬುದು ಕೈಯಲ್ಲಿರುವ ಕತ್ತಿಯಂತೆ. ಕಾಯಲೂ ಬರುತ್ತದೆ, ಕಡಿಯಲೂ ಬರುತ್ತದೆ. ಸರ್ಕಾರವು ಅದನ್ನು ನ್ಯಾಯವಾಗಿ ಬಳಸುವಂತೆ ನೋಡಿಕೊಳ್ಳುವುದು ಆಯಾ ದೇಶದ ಪ್ರಜೆಗಳ ಹೊಣೆ. ನಮ್ಮ ದೇಶದಲ್ಲಿ ನಮ್ಮ ಹೊಣೆ.

ಆದರೆ ಭಯದಿಂದ ಬಚ್ಚಿಟ್ಟುಕೊಂಡವನಿಗೆ ರಕ್ಷಣೆಯೂ ದೊರೆಯುವುದಿಲ್ಲವೆಂಬುದನ್ನು ಮರೆಯಬಾರದು. ಅನ್ಯಾಯವಾದಾಗ “ನಾವು ತಿಳಿಸಿದ್ದೇವೆ, ಇಗೋ ರಸೀತಿ” ಎನ್ನಬಲ್ಲವನ ಮಾತಿಗೆ ತೂಕವಿದೆ. ತಿಳಿಸದವನು ತನ್ನ ಕೈಯಿಂದಲೇ ಎದುರಾಳಿಗೆ ಸಾಕ್ಷಿ ಕೊಟ್ಟಂತೆ.

ಇನ್ನೂ ಒಂದು ವಿಳಾಸ ಉಂಟು. ಅದನ್ನು ಯಾವ ದಂಡವೂ ಇಲ್ಲದೆ ನಾವಾಗಿಯೇ ಕೊಡತಕ್ಕದ್ದು. ಅದು ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ. ೧೯೯೦ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಒಂದೂ ಮುಕ್ಕಾಲು ಲಕ್ಷದ ಹತ್ತಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ತರಬೇಕಾಯಿತು. ಅವರಲ್ಲಿ ಈ ಕೇರಳದವರೇ ಎಷ್ಟೋ ಮಂದಿ. ನಮ್ಮ ಕರಾವಳಿಯವರೂ ಇದ್ದರು. ೨೦೨೨ರ ಜನವರಿಯಲ್ಲಿ ಯುಕ್ರೇನಿನ ನಮ್ಮ ರಾಯಭಾರ ಕಚೇರಿಯು ಅಲ್ಲಿದ್ದ ಭಾರತೀಯರಿಗೆ ಹೆಸರು, ವಿಳಾಸ ನೋಂದಾಯಿಸಲು ಹೇಳಿತು. ಮುಂದಿನ ತಿಂಗಳು ಯುದ್ಧ ಬಂದಿತು. ಮಾರ್ಚ್ ೧ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ದಿನ ಕರ್ನಾಟಕದ ಮನೆಮನೆಯೂ ಅತ್ತಿತು. ಅವನನ್ನು ಯಾವ ವಿಳಾಸವೂ ಉಳಿಸುತ್ತಿರಲಿಲ್ಲ, ನಿಜ. ಆದರೆ ಆ ವಾರದಲ್ಲಿ ನೆಲಮಾಳಿಗೆಗಳಲ್ಲಿ ಕುಳಿತ ಸಾವಿರಾರು ಮಕ್ಕಳ ತಂದೆತಾಯಿಯರಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಈಗ ಎಲ್ಲಿದ್ದಾನೆ?

ನಾವು ಗುಮಾಸ್ತರು, ಕೊನೆಗೆ ಒಂದು ಪಟ್ಟಿ ಕೊಡದಿದ್ದರೆ ನಮಗೆ ಸಮಾಧಾನವಿಲ್ಲ. ಮೊದಲನೆಯದು, ಮಗನೋ ಮಗಳೋ ಹೊರದೇಶದಲ್ಲಿ ಮನೆ ಬದಲಾಯಿಸಿದರೆಂದು ಕೇಳಿದೊಡನೆ “ಅಡಿಗೆಮನೆ ದೊಡ್ಡದಿದೆಯೆ?” ಎಂಬ ಪ್ರಶ್ನೆಯ ಜೊತೆಗೆ “ಸರ್ಕಾರಕ್ಕೆ ತಿಳಿಸಿದೆಯಾ?” ಎಂದೂ ಕೇಳಿ. ಎರಡನೆಯದು, ಅಂಚೆ, ಕಾಲೇಜು, ಕೆಲಸ ಕೊಟ್ಟವರು, ವಲಸೆಯ ಇಲಾಖೆ, ಇವು ನಾಲ್ಕು ಬೇರೆ ಬೇರೆ ಬಾಗಿಲುಗಳು. ಒಂದನ್ನು ತಟ್ಟಿದರೆ ಇನ್ನೊಂದು ತೆರೆಯುವುದಿಲ್ಲ. ವಿಚಾರಣೆಯಲ್ಲಿರುವ ಅರ್ಜಿಯಿದ್ದರೆ ಅದಕ್ಕೂ ತಿಳಿದಿದೆಯೆ ನೋಡಿಕೊಳ್ಳಬೇಕು. ಮೂರನೆಯದು, ತಿಳಿಸಿದ್ದರ ಪ್ರತಿಯೊಂದು ಅವರಲ್ಲಿ, ಇನ್ನೊಂದು ನಿಮ್ಮಲ್ಲಿ ಇರಲಿ. ನಾಲ್ಕನೆಯದು, ನಿಮ್ಮ ಮನೆಗೆ ಹೊರದೇಶದ ಪಾಸ್‌ಪೋರ್ಟಿನ ಅತಿಥಿ ಬರುವರೆಂದಾದರೆ, ಅವರು ಬರುವ ಮೊದಲೇ ನಿಯಮ ವಿಚಾರಿಸಿ ಮನೆಯ ಹೆಸರು ನೋಂದಾಯಿಸಿಡಿ; ೨೪ ಗಂಟೆ ಬಹಳ ಬೇಗ ಕಳೆಯುತ್ತದೆ. ನಿಯಮಗಳು ಬದಲಾಗುತ್ತ ಇರುತ್ತವೆ. ನಮ್ಮ ಭಾಷಣವನ್ನು ನಂಬದೆ ಆಯಾ ಕಚೇರಿಯ ಪ್ರಕಟಣೆಯನ್ನೇ ನೋಡಿ. ಐದನೆಯದು, ಹೊರದೇಶಕ್ಕೆ ಹೋಗಿ ನೆಲೆಸಿದ ಮಗನ ಇಲ್ಲಿಯ ಬ್ಯಾಂಕ್ ಖಾತೆಯನ್ನು ಅನಿವಾಸಿಯ ಖಾತೆಯಾಗಿ ಮಾಡಿಸಬೇಕೆಂಬುದೂ ಕಾನೂನೇ. ಇದು ನಮ್ಮ ಕಸುಬಿನ ಮಾತು, ಕ್ಷಮಿಸಬೇಕು.

ಸಂಘಕ್ಕೂ ಒಂದು ಬಿನ್ನಹ ಉಂಟು. ನಮ್ಮ ಸದಸ್ಯರ ಪಟ್ಟಿಯನ್ನು ಮೊನ್ನೆ ನೋಡಿದೆವು. ತಿರುವನಂತಪುರಕ್ಕೆ ವರ್ಗವಾಗಿ ಹೋದವರು ಇನ್ನೂ ಎರ್ನಾಕುಲಂನಲ್ಲಿಯೇ ಇದ್ದಾರೆ. ಅಲ್ಲಿಂದ ಬಂದ ನಾವು ಪಟ್ಟಿಯಲ್ಲಿ ಇನ್ನೂ ಅಲ್ಲಿಯೇ ಇದ್ದೇವೆ. ಒಪ್ಪಿಗೆಯಿರುವವರು ಮಾತ್ರ, ತಮ್ಮ ಮತ್ತು ಹೊರದೇಶದಲ್ಲಿರುವ ಮಕ್ಕಳ ವಿಳಾಸವನ್ನು ಪ್ರತಿ ರಾಜ್ಯೋತ್ಸವಕ್ಕೂ ಒಮ್ಮೆ ತಿದ್ದಿಸಲಿ. ಆ ಪುಸ್ತಕ ಕಾರ್ಯದರ್ಶಿಗಳ ಬೀರುವಿನಲ್ಲಿ ಬೀಗದೊಳಗೆ ಇರಲಿ. ಅಗತ್ಯ ಬಿದ್ದಾಗ ಮಾತ್ರ ಹೊರಗೆ ಬರಲಿ. ಬರೆಯುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ. ಅಕ್ಷರ ದುಂಡಗಿಲ್ಲದಿದ್ದರೂ ತಪ್ಪಿರುವುದಿಲ್ಲ.

ಮಟ್ಟಾಂಚೇರಿಯ ಪರದೇಶಿಗಳು ನಾನೂರು ವರ್ಷ ಆ ಹೆಸರಿನಿಂದಲೇ ಬಾಳಿದರು. ೧೯೪೮ರ ಅನಂತರ ಅವರಲ್ಲಿ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಆದರೂ ಅವರ ಬೀದಿಗೆ ಇಂದಿಗೂ ಅವರದೇ ಹೆಸರು. ಅವರು ಹೊರಗಿನಿಂದ ಬಂದವರಾಗಿದ್ದರು, ಅನಾಥರಾಗಿರಲಿಲ್ಲ. ಊರಿಗೆ ಅವರು ಎಲ್ಲಿದ್ದಾರೆಂದು ತಿಳಿದಿತ್ತು. ನಮ್ಮ ಮಕ್ಕಳು ಯಾವ ದೇಶದಲ್ಲಿ ಇದ್ದರೂ ಮಟ್ಟಾಂಚೇರಿಯ ಅರ್ಥದಲ್ಲಿ ಪರದೇಶಿಗಳಾಗಿರಲಿ, ನಮ್ಮ ಅತ್ತೆಯವರು ಮರುಗಿದ ಅರ್ಥದಲ್ಲಿ ಆಗದಿರಲಿ.

ಈ ಭಾಷಣ ಬರೆದು ಮುಗಿಸಿದ ರಾತ್ರಿ ಸೋದರಳಿಯನ ಫೋನು ಬಂದಿತು. “ಮಾವ, ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇನೆ. ಬರೆದುಕೊಳ್ಳಿ” ಎಂದ. ಬರೆದುಕೊಂಡೆವು. ಹಳೆಯದನ್ನು ಅಳಿಸದೆ ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ಬರೆದು, ತಾರೀಖು ಹಾಕಿದೆವು. ಬ್ಯಾಂಕಿನ ಅಭ್ಯಾಸ.